ಮಹಡಿ ಕೋಣೆಯ ಕಾಲುಗಳು

ಬಂದ ದಿನವೇ ಆಕೆ ಕೇಳಿದ್ದು ಬೀಗ. ಕುಡಿಯುವ ನೀರು ಎಲ್ಲಿ, ಬಚ್ಚಲು ಯಾವ ಕಡೆ ಎಂದು ವಿಚಾರಿಸುವ ಮೊದಲೇ, ಮಹಡಿಯ ಚಿಕ್ಕ ಕೋಣೆಗೆ ಗಟ್ಟಿಮುಟ್ಟಾದ ಒಂದು ಬೀಗ ಬೇಕು ಎಂದಳು. ಹೊರಬಾಗಿಲಿಗೆ ಇದೆಯಲ್ಲ ಎಂದೆ. ಒಳಗಿನದಕ್ಕೂ ಬೇಕು ಎಂದಳು. ಒಳಕೋಣೆಗೆ ಬೀಗ ಹಾಕುವವರನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು ನಾನು. ಬೆಂಚಿನ ಕೆಳಗೆ ಕೈ ಇಟ್ಟುಕೊಂಡು ಕೂತ ಮಕ್ಕಳನ್ನು ಕಂಡರೇ ನನಗೆ ಸಂಶಯ. ಆದರೂ ಹೊನ್ನಾವರ ಪೇಟೆಗೆ ಹೋಗಿ ಬೀಗ ತಂದೆ. ಅದಕ್ಕೆ ಎರಡು ಚಾವಿ ಇದ್ದವು. ಒಂದನ್ನು ಆಕೆಗೆ ಕೊಟ್ಟೆ, ಇನ್ನೊಂದನ್ನು ಅಕ್ಕಿ ಡಬ್ಬಿಯಲ್ಲಿ ಹಾಕಿಟ್ಟೆ.

ಆಕೆ ಬಂದದ್ದು ಒಂದು ಚಳಿ ದೇಶದಿಂದ, ಬೇಸಿಗೆಯ ಕೊನೆಯಲ್ಲಿ. ಅಪಘಾತದಲ್ಲೋ ಸಕ್ಕರೆ ಕಾಯಿಲೆಯಲ್ಲೋ ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಜೋಡಿಸುವುದು ಆಕೆಯ ಕಸುಬು. ಅಲ್ಲಿಯ ಯಾವುದೋ ಸೇವಾ ಸಂಸ್ಥೆ ನಾಲ್ಕು ತಿಂಗಳ ಮಟ್ಟಿಗೆ ನಮ್ಮ ಕರಾವಳಿಗೆ ಕಳಿಸಿತ್ತು. ವಾರಕ್ಕೊಮ್ಮೆ ಭಟ್ಕಳ, ಒಮ್ಮೆ ಕುಮಟಾ, ಉಳಿದ ದಿನ ಹೊನ್ನಾವರ. ಉಳಿಯಲು ಮನೆ ಬೇಕಿತ್ತು, ಮಾತಿಗೆ ಜನ ಬೇಕಿತ್ತು. ನನಗೆ ಕನ್ನಡ, ಕೊಂಕಣಿ, ಇಂಗ್ಲಿಷ್ ಬರುತ್ತದೆ; ಭಟ್ಕಳದ ನವಾಯತಿ ಅರ್ಧಂಬರ್ಧ ತಿಳಿಯುತ್ತದೆ. ಮನೆಯಲ್ಲಿ ಒಬ್ಬಳೇ ಕೂತು ಟೀವಿಯವರನ್ನು ಬೈಯುತ್ತಿದ್ದೆ. ಮನೆಯನ್ನೂ ಮಾತನ್ನೂ ಎರಡನ್ನೂ ಕೊಡಲು ಒಪ್ಪಿದೆ.

ಒಪ್ಪಿದ್ದು ಪರೋಪಕಾರಕ್ಕಲ್ಲ, ನನ್ನ ತಮ್ಮನಿಗಾಗಿ. ಶರಾವತಿ ಸೇತುವೆಯಾಚೆ ಕಾಸರಕೋಡಿನಲ್ಲಿ ಅವನ ಮನೆ. ಅಪ್ಪ ಬಿಟ್ಟುಹೋದ ಮೀನುಗಾರಿಕೆ ಬೋಟಿಗೆ ಅವನೇ ತಾಂಡೇಲ. ಅಂದರೆ ಚುಕ್ಕಾಣಿ ಹಿಡಿದು ಬೋಟು ನಡೆಸುವವನು. ಬಲೆ ಎಳೆಯುವ ಹಗ್ಗ ಸುತ್ತಿಕೊಂಡು ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಹೋಗಿತ್ತು. ಒಂದು ಹಂಗಾಮು ಬೇರೆಯವನು ಬೋಟು ನಡೆಸಿದ. ಹಿಂದೊಮ್ಮೆ ಶಿಬಿರದಲ್ಲಿ ಸಿಕ್ಕಿದ ಕಾಲು ರಸ್ತೆಯ ಮೇಲೆ ಪರವಾಗಿರಲಿಲ್ಲ, ತೂಗಾಡುವ ಬೋಟಿನಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮಳೆಗಾಲ ಕಳೆದು ಬೋಟು ಇಳಿಸುವ ದಿನ ಇವನು ಚುಕ್ಕಾಣಿಯ ಹತ್ತಿರ ನಿಲ್ಲದಿದ್ದರೆ ಬೋಟಿನಲ್ಲಿ ದುಡಿಯುವ ಕಲಾಸಿಗಳು ಆ ಇನ್ನೊಬ್ಬನನ್ನೇ ಕಾಯಂ ಮಾಡಿಕೊಳ್ಳುವವರಿದ್ದರು. ಅವರದ್ದೂ ತಪ್ಪಲ್ಲ, ಅವರಿಗೂ ಮನೆಮಕ್ಕಳಿದ್ದಾರೆ.

"ದಂಡೆ ಮೇಲೆ ಕೂತು ಬಲೆ ಹೊಲಿಯುದೇ ಆದ್ರೆ ನನ್ನ ತಾಂಡೇಲ ಅಂತ ಎಂತಕ್ಕೆ ಕರೀಬೇಕು ಅಕ್ಕಾ" ಎಂದಿದ್ದ ತಮ್ಮ. ಅದನ್ನು ಕೇಳಿಸಿಕೊಂಡು ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆದೆ.

ಹೀಗೆ ನಮ್ಮ ಮನೆ ಸೇರಿದ ಆಕೆ ಹೊಂದಿಕೊಳ್ಳಲು ಪಟ್ಟ ಪಾಡು ನೋಡಬೇಕಿತ್ತು. ಕುದಿಸಿದ ನೀರು ಕೊಟ್ಟರೆ, "ಖಂಡಿತ ಕುದಿಸಿದ್ದೇ?" ಹಾಲು ಕೊಟ್ಟರೆ ಮೊದಲು ಮೂಸುವುದು. ಕಲ್ಲಂಗಡಿ ಹೆಚ್ಚಿಟ್ಟರೆ ಮುಟ್ಟಳು, ಇಡೀ ಹಣ್ಣು ಇಟ್ಟರೆ ತನ್ನ ಚಾಕುವಿನಿಂದಲೇ ಕೊಯ್ದು ಅರ್ಧ ಮುಗಿಸುವಳು. ಯಾರಾದರೂ ನಕ್ಕು ಮಾತಾಡಿಸಿದರೆ ಒಂದು ಹೆಜ್ಜೆ ಹಿಂದೆ ಸರಿಯುವಳು. ನಮ್ಮನ್ನು ನಂಬಬೇಡ ಎಂದು ಅಲ್ಲಿಂದಲೇ ಪಾಠ ಹೇಳಿ ಕಳಿಸಿದ್ದರೋ ಏನೋ. ನನಗೂ ಅದು ಒಳ್ಳೆಯದೇ ಆಯಿತು. ನಾನೊಬ್ಬಳೇ ಸಂಶಯಪಡುತ್ತಿದ್ದರೆ ಸ್ವಲ್ಪ ನಾಚಿಕೆಯಾಗುತ್ತಿತ್ತು.

ಬೀದಿಯವರಿಗೂ ಆಕೆಯ ಮೇಲೆ ಕಣ್ಣಿತ್ತು. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ರಿಕ್ಷಾದವರು "ಓಂ ಬೀಚ್? ಓಂ ಬೀಚ್?" ಎಂದು ಮುತ್ತುವರು. ವಿದೇಶಿಯರೆಲ್ಲ ಹೋಗುವ ಆ ಬೀಚಿಗಲ್ಲ ಎಂದರೆ, ಹಾಗಾದರೆ ಇಲ್ಲಿ ಏನು ಕೆಲಸ ಎಂದು ಅವರಿಗೆ ಸಂಶಯ. ಮತಕ್ಕೆ ಸೇರಿಸಲು ಬಂದವಳು ಎಂದರು ಕೆಲವರು. ಕಡಲದಂಡೆಯ ಜಾಗ ಅಳೆಯಲು ಬಂದವಳು ಎಂದರು ಇನ್ನು ಕೆಲವರು. ಮೀನು ತರುವ ಹೆಂಗಸು ಮಾತ್ರ, "ಅಕ್ಕೋರೆ, ಇವ್ರು ಚೌಕಾಸಿ ಮಾಡುದೇ ಇಲ್ಲ. ಎಂತದೋ ಇದೆ ಇದ್ರಲ್ಲಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಹೇಳಿದ ಬೆಲೆ ಕೊಡುವವರನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ.

ನನ್ನ ಸಂಶಯ ಬೇರೆ. ಆಕೆ ಸಂಜೆ ಚಹಾ ಮುಗಿಸಿ ಆ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕುವಳು. ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು, ಅರ ಹಾಕಿ ಉಜ್ಜುವ ಸದ್ದು. ಕಸ ಗುಡಿಸಲು ಹೋದರೆ ಬಾಗಿಲಲ್ಲೇ ಪೊರಕೆ ಇಸಿದುಕೊಂಡು ತಾನೇ ಗುಡಿಸುವಳು. ಜನರಿಗೆ ಕಾಲು ಜೋಡಿಸಿದ ಮೇಲೆ ಒಂದು ಫೋಟೋ ತೆಗೆಯುವಳು, ಮುಖದ್ದಲ್ಲ, ಬರೀ ಕಾಲಿನದ್ದು. ಫೋಟೋ ಯಾರಿಗೆ ಎಂದು ಕೇಳಿದೆ. "ನೋಡಬೇಕೆನ್ನುವವರಿಗೆ" ಎಂದಳು. ಇಂಥ ಉತ್ತರ ಕೊಟ್ಟ ಮಕ್ಕಳನ್ನು ನಾನು ತರಗತಿಯ ಹೊರಗೆ ನಿಲ್ಲಿಸುತ್ತಿದ್ದೆ.

ಕೆಲಸದಲ್ಲಿ ಮಾತ್ರ ಕೊರತೆ ಹುಡುಕಲು ನನಗೆ ಆಗಲಿಲ್ಲ. ಭಟ್ಕಳದ ಪಕ್ಕದ ಜಾಲಿಯಲ್ಲಿ ಒಬ್ಬರು ತಮ್ಮ ಮನೆಯ ಮುಂದಿನ ಹಾಲ್ ಬಿಟ್ಟುಕೊಟ್ಟಿದ್ದರು. ಅಲ್ಲಿ ಒಬ್ಬ ಅಜ್ಜಿ ಕಾಲು ಬಿಗಿಯುವ ಬೆಲ್ಟನ್ನು ಕೈಯಲ್ಲಿ ಹಿಡಿದು, ಇದು ಯಾವ ಪ್ರಾಣಿಯ ಚರ್ಮ ಎಂದು ಮೂರು ಸಲ ಕೇಳಿದರು. ಚರ್ಮವೇ ಅಲ್ಲ ಎಂದು ಖಾತ್ರಿಯಾದ ಮೇಲೆಯೇ ಕಟ್ಟಿಸಿಕೊಂಡರು. ಮುಟ್ಟಳ್ಳಿಯಿಂದ ಬಂದ ತೆಂಗಿನಕಾಯಿ ಕೊಯ್ಯುವವನು, "ಇದನ್ನ ಹಾಕಂಡು ಮರ ಹತ್ತುಲಾಗ್ತದ?" ಎಂದ. ಕುಮಟಾದಲ್ಲಿ ತರಕಾರಿ ಮಾರುವ ಹೆಂಗಸು, ಮಳೆಯಲ್ಲಿ ತುಕ್ಕು ಹಿಡಿಯುತ್ತದೋ ಎಂದು ಕೇಳಿದಳು. ನಾನು ಎಲ್ಲವನ್ನೂ ಅನುವಾದಿಸಿದೆ. ಆಕೆ ಯಾವುದಕ್ಕೂ ಬೇಸರಿಸದೆ ಉತ್ತರ ಕೊಟ್ಟಳು.

ಮಳೆ ಹಿಡಿಯುವ ಹೊತ್ತಿಗೆ ತಮ್ಮನ ಕಾಲು ತಯಾರಾಯಿತು. ಮೊಣಕಾಲಿನ ಕೆಳಗೆ ಕೂರುವ ಬಟ್ಟಲನ್ನು ಅವನ ಅಳತೆಗೆ ಹೊಸದಾಗಿ ಎರಕ ಹೊಯ್ದಿದ್ದಳು. ಅದರ ಕೆಳಗೆ ಹಗುರವಾದ ಕೊಳವೆ, ಕೊಳವೆಯ ತುದಿಗೆ ಬಾಗಿ ನೆಟ್ಟಗಾಗುವ ಕಪ್ಪು ಪಾದ. ಆಕೆ ಒಂದು ಹಲಗೆಯ ಕೆಳಗೆ ದುಂಡನೆಯ ಕೊಳವೆ ಇಟ್ಟು, ಅದರ ಮೇಲೆ ಅವನನ್ನು ನಿಲ್ಲಿಸಿ, ಹಲಗೆಯನ್ನು ಕಾಲಿನಿಂದ ಅತ್ತಿತ್ತ ದೂಡಿದಳು. ತಮ್ಮ ಬೀಳಲಿಲ್ಲ. ಎರಡೂ ಕೈ ಮುಂದೆ ಚಾಚಿ, ಇಲ್ಲದ ಚುಕ್ಕಾಣಿ ಹಿಡಿದುಕೊಂಡು ನಿಂತ. ಅವನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ನನಗೆ ಸಂತೋಷವಾಯಿತು, ಸಂತೋಷದ ಬೆನ್ನಿಗೇ ಇಷ್ಟು ಒಳ್ಳೆಯ ಸಾಮಾನನ್ನು ಯಾರಾದರೂ ಪುಕ್ಕಟೆ ಯಾಕೆ ಕೊಡುತ್ತಾರೆ ಎಂಬ ಯೋಚನೆಯೂ ಬಂತು.

ಆಷಾಢದ ಒಂದು ಬೆಳಿಗ್ಗೆ ಆಕೆ ಕುಮಟಾಕ್ಕೆ ಹೋಗಿದ್ದಳು. ನನಗೆ ಜ್ವರ, ಜೊತೆಗೆ ಹೋಗಿರಲಿಲ್ಲ. ಗಾಳಿಗೆ ಮಹಡಿಯ ಹೆಂಚು ಜಾರಿ, ಆ ಕೋಣೆಯ ಬಾಗಿಲಿನ ಅಡಿಯಿಂದ ನೀರು ಹರಿದು ಬರತೊಡಗಿತು. ಅಕ್ಕಿ ಡಬ್ಬಿಯಿಂದ ಚಾವಿ ತೆಗೆದೆ. ಹೆಂಚು ಹೊದೆಸುವವನನ್ನು ಕರೆಸಿ ಅವನನ್ನೂ ಒಳಗೆ ಬಿಟ್ಟೆ. ಸಾಮಾನು ನೆನೆಯಬಾರದೆಂದು ಇಬ್ಬರೂ ಸೇರಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಎಳೆದೆವು. ನೆನೆದ ತಳ ಕಿತ್ತುಬಂದು ಒಳಗಿದ್ದದ್ದೆಲ್ಲ ನೆಲಕ್ಕೆ ಬಿತ್ತು.

ಕಾಲುಗಳು. ಹೊಸವಲ್ಲ. ಒಂದರ ಹಿಮ್ಮಡಿ ಸವೆದು ಓರೆಯಾಗಿತ್ತು. ಒಂದಕ್ಕೆ ಉಣ್ಣೆಯ ಕಾಲುಚೀಲ ಇನ್ನೂ ತೊಡಿಸಿದಂತೆಯೇ ಇತ್ತು. ಇನ್ನೊಂದರ ಬಟ್ಟಲಿನ ಮೇಲೆ ಯಾರೋ ಹೂವಿನ ಚಿತ್ರ ಅಂಟಿಸಿಕೊಂಡಿದ್ದರು, ಅದರ ಬಣ್ಣ ಬೆವರಿಗೆ ಮಾಸಿತ್ತು. ಹೆಂಚಿನವನು ಗೋಡೆಗೆ ಬೆನ್ನು ಹಚ್ಚಿ ನಿಂತ.

"ಅಕ್ಕೋರೆ, ಇವೆಲ್ಲ ಯಾರದ್ದೋ ಕಾಲು. ಅವ್ರು ಎಲ್ಲಿ ಹೋದ್ರು?"

ನನ್ನಲ್ಲೂ ಹುಟ್ಟಿದ್ದು ಅದೇ ಪ್ರಶ್ನೆ. ನಡೆದಾಡುವವರು ಕಾಲು ಬಿಚ್ಚಿ ದಾನ ಮಾಡುವುದಿಲ್ಲ.

ಸಂಜೆ ಆಕೆ ಬಂದು ಕೊಡೆ ಮಡಚುವ ಮೊದಲೇ ಕೇಳಿದೆ. ಆಕೆ ಅಡುಗೆಮನೆಯ ಮೇಜಿನ ಹತ್ತಿರ ಕೂತಳು. ಸಿಟ್ಟು ಮಾಡಲಿಲ್ಲ, ಮುಚ್ಚಿಡಲೂ ಇಲ್ಲ. ಹೌದು, ಅವು ತೀರಿಕೊಂಡವರ ಕಾಲುಗಳು. ತನ್ನ ದೇಶದಲ್ಲಿ ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಹಾಕುವುದಿಲ್ಲ, ಎಸೆಯಲು ಮನೆಯವರಿಗೆ ಮನಸ್ಸು ಬರುವುದಿಲ್ಲ, ತಂದು ಸಂಸ್ಥೆಗೆ ಕೊಡುತ್ತಾರೆ. ಬಟ್ಟಲು ಮಾತ್ರ ಹೊಸದು. ಕೊಳವೆ, ಪಾದ, ತಿರುಪುಗಳೆಲ್ಲ ಹಳೆಯವೇ, ಗಟ್ಟಿಯಾಗಿವೆ. ಫೋಟೋ ಆ ಮನೆಯವರಿಗೆ.

"ನಿಮಗೆ ಬೇಡವಾದದ್ದು ನಮಗೆ" ಎಂದೆ.

"ನನ್ನ ಹತ್ತಿರ ಇದಕ್ಕಿಂತ ಒಳ್ಳೆಯದು ಇಲ್ಲ" ಎಂದಳು. "ಕೇಳಿದವರಿಗೆ ಸುಳ್ಳು ಹೇಳುವುದಿಲ್ಲ. ಆದರೆ ಹಿಂದೊಮ್ಮೆ ಪೆಟ್ಟಿಗೆ ತೆರೆದಿಟ್ಟ ಊರಿನಲ್ಲಿ ಜನ ಬರುವುದನ್ನೇ ಬಿಟ್ಟರು. ಅದಕ್ಕೆ ಬೀಗ."

ಇಲ್ಲಿ ಯಾರು ಕೇಳುತ್ತಾರೆ. ಯಾವ ಚರ್ಮ, ಯಾವ ಮರ, ಯಾವ ತುಕ್ಕು ಎಂದೆಲ್ಲ ಕೇಳುತ್ತೇವೆ. ನಿನಗೆ ಇದು ಎಲ್ಲಿಂದ ಬಂತು ಎಂದು ಕೊಟ್ಟವರ ಮುಖಕ್ಕೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ನಾನು ಹಾಗೆಂದಾಗ ಆಕೆ ತಲೆ ತಗ್ಗಿಸಿ ಮೇಜಿನ ಮೇಲೆ ಬಿದ್ದ ಮಳೆನೀರನ್ನು ಒರೆಸಿದಳು.

ನನಗೆ ಹೆದರಿಕೆಯಾದದ್ದು ತಮ್ಮನ ಬೋಟು ನೆನೆಸಿಕೊಂಡು. ಮನೆಯಲ್ಲಿ ಸೂತಕ ಇದ್ದರೆ ನಮ್ಮವರು ಬೋಟನ್ನು ಮುಟ್ಟುವುದಿಲ್ಲ. ಚಪ್ಪಲಿ ಹಾಕಿಕೊಂಡು ಬೋಟು ಹತ್ತುವುದಿಲ್ಲ. ಅಪ್ಪ ತೀರಿಕೊಂಡಾಗ ಅವರ ಚಾಪೆ, ಕಂಬಳಿ, ಊರುಗೋಲು ಎಲ್ಲ ಅಂದೇ ಮನೆಯಿಂದ ಹೊರಗೆ ಹೋದವು. ಹಾಗಿರುವಾಗ ಸತ್ತವನ ಕಾಲು ಕಟ್ಟಿಕೊಂಡು ಚುಕ್ಕಾಣಿಯ ಹತ್ತಿರ ನಿಂತರೆ ಕಲಾಸಿಗಳು ಅವನ ಹಿಂದೆ ಸಮುದ್ರಕ್ಕೆ ಹೋಗುವರೇ? ಹೆಂಚಿನವನ ಬಾಯಿ ನನಗೆ ಗೊತ್ತಿತ್ತು. ಅವನು ಏಣಿ ಇಳಿಯುವಷ್ಟರಲ್ಲಿ ಸುದ್ದಿ ಸೇತುವೆ ದಾಟಿರುತ್ತದೆ.

ಜ್ವರ ಇಳಿಯುವುದನ್ನೂ ಕಾಯದೆ ಮರುದಿನ ಕಾಸರಕೋಡಿಗೆ ಹೋದೆ. ತಮ್ಮ ದಂಡೆಯ ಚಪ್ಪರದಲ್ಲಿ ಕಲಾಸಿಗಳ ಸಂಗಡ ಬಲೆ ಹೊಲಿಯುತ್ತಿದ್ದ. ನಾನು ಹೋದ ಕೂಡಲೇ ಅವರ ಮಾತು ನಿಂತಿತು. ಅವನನ್ನು ಆಚೆ ಕರೆದು ಎಲ್ಲವನ್ನೂ ಹೇಳಿದೆ.

"ಗೊತ್ತು" ಎಂದ.

"ಹೆಂಚಿನವ ಹೇಳಿದ್ನ?"

"ಅವ ಹೇಳುದಕ್ಕೂ ಮೊದ್ಲೇ ಗೊತ್ತು. ಮೊದಲ್ನೇ ದಿನ ಕೊಳವೆ ಮೇಲೆ ಗೀರು ಕಂಡಿದ್ದೆ. ನೀನು ನೀರು ಕುಡಿಲಿಕ್ಕೆ ಹೋದಾಗ ಮೇಡಂ ಹತ್ರ ಕೈಸನ್ನೆಯಲ್ಲಿ ಕೇಳ್ದೆ. ಕಾಲು ತೋರಿಸ್ದೆ, ಮೇಲೆ ಆಕಾಶ ತೋರಿಸ್ದೆ. ಹೌದು ಅಂತ ತಲೆ ಆಡಿಸಿದ್ರು."

"ಮತ್ತೆ ನನಗೆ ಎಂತಕ್ಕೆ ಹೇಳಲಿಲ್ಲ?"

ತಮ್ಮ ಬಲೆಯ ನೂಲನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದ. "ನಿಂಗೆ ಹೇಳ್ಬೇಡಿ ಅಂತ ಅವ್ರಿಗೆ ಹೇಳಿದ್ದೇ ನಾನು. ಬಾಯಿ ಮೇಲೆ ಬೆರಳಿಟ್ಟು ನೀ ಹೋದ ಬಾಗಿಲು ತೋರಿಸ್ದೆ. ನೀ ಆದ್ರೆ ಅವತ್ತೇ ಬಿಚ್ಚಿಸಿ ವಾಪಸ್ ಕೊಡಿಸ್ತಿದ್ದೆ ಅಕ್ಕಾ."

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಭಾಷೆ ಬಾರದ ಇಬ್ಬರು ನನ್ನ ಬೆನ್ನ ಹಿಂದೆ ಮಾತು ಮುಗಿಸಿಕೊಂಡಿದ್ದರು, ನಾನು ದುಭಾಷಿ ಎಂದು ಊರೂರು ತಿರುಗುತ್ತಿದ್ದೆ. ವಾಪಸು ಬಂದು ಎರಡು ದಿನ ಆಕೆಯ ಜೊತೆ ಮಾತಾಡಲಿಲ್ಲ. ಆಕೆಯೂ ಕಾರಣ ಕೇಳಲಿಲ್ಲ. ಮಹಡಿಯ ಬೀಗವನ್ನು ಮಾತ್ರ ತೆಗೆದು, ಅದರ ಚಾವಿಯ ಸಮೇತ ನನ್ನ ಅಕ್ಕಿ ಡಬ್ಬಿಯ ಮೇಲೆ ಇಟ್ಟಳು.

ಬೋಟು ಇಳಿಸುವ ದಿನ ಬಂತು. ಆಕೆ ಊರಿಗೆ ಹೊರಡುವುದೂ ಅದೇ ವಾರ. ತಮ್ಮ ಕರೆದಿದ್ದ, ಬಂದಳು, ಕೈಯಲ್ಲಿ ಕ್ಯಾಮರಾ. ಬೋಟಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಕಟ್ಟಿ ಆಗಿತ್ತು. ಕಲಾಸಿಗಳು ಮಾತ್ರ ಹತ್ತದೆ ದಂಡೆಯ ಮೇಲೆಯೇ ನಿಂತಿದ್ದರು. ತಮ್ಮ ಅವರ ಮುಂದೆ ನಿಂತಿದ್ದ, ಲುಂಗಿಯನ್ನು ಮೇಲೆತ್ತಿ ಕಟ್ಟಿದ್ದ. ಕಾಲು ಎಲ್ಲರಿಗೂ ಕಾಣುತ್ತಿತ್ತು, ಕಾಣಲಿ ಎಂದೇ ಕಟ್ಟಿದ್ದ.

ಕಲಾಸಿಗಳಲ್ಲಿ ಹಿರಿಯನಾದವನು ಅಪ್ಪನ ಕಾಲದಿಂದ ಇದೇ ಬೋಟಿನಲ್ಲಿದ್ದವನು, ನಾವು ಅವನನ್ನು ಮಾವ ಎಂದೇ ಕರೆಯುವುದು. ಅವನು ನೇರ ಆಕೆಯ ಮುಂದೆ ಬಂದು ನಿಂತ.

"ಅಕ್ಕೋರೆ, ಕೇಳಿ ಅವ್ರತ್ರ. ಈ ಕಾಲು ಯಾರದ್ದು?"

ನಾನು ತಿರುಗಿಸಿ ಹೇಳುವ ಮೊದಲೇ ತಮ್ಮ, "ಸತ್ತವ್ರದ್ದು ಮಾವ. ಈ ಬೋಟೂ ಸತ್ತವ್ರದ್ದೇ ಅಲ್ಲನ? ಅಪ್ಪಂದು" ಎಂದ.

"ಅದು ಗೊತ್ತು. ಸತ್ತವ ಯಾರು ಅಂತ ಕೇಳುದು. ಹೆಸರು ಬೇಕು."

ಯಾಕೆ ಎಂದು ನನಗೆ ತಟ್ಟನೆ ಹೊಳೆಯಲಿಲ್ಲ, ಆಮೇಲೆ ನೆನಪಾಯಿತು. ನಮ್ಮ ಬೋಟಿನಲ್ಲಿ ಒಂದು ಪದ್ಧತಿ ಇದೆ. ಹಂಗಾಮಿನ ಮೊದಲ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಡುವಾಗ, ಆ ಬೋಟಿನಲ್ಲಿ ಕೆಲಸ ಮಾಡಿ ತೀರಿಕೊಂಡವರ ಹೆಸರನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಹೆಸರು ಹೇಳದೆ ಬಿಟ್ಟವನು ಪ್ರೇತವಾಗಿ ಬೋಟಿನಲ್ಲೇ ಉಳಿಯುತ್ತಾನೆ, ಹೇಳಿಸಿಕೊಂಡವನು ಬೋಟನ್ನು ಕಾಪಾಡುತ್ತಾನೆ ಎಂದು ನಂಬಿಕೆ. ಮಾವನಿಗೆ ಕಾಲಿನ ಮೇಲೆ ತಕರಾರು ಇರಲಿಲ್ಲ. ಹೆಸರಿಲ್ಲದವನೊಬ್ಬ ಬೋಟು ಹತ್ತುವುದಕ್ಕೆ ತಕರಾರು.

ಹೆಸರು ಕೇಳುತ್ತಿದ್ದಾರೆ ಎಂದು ನಾನು ಆಕೆಗೆ ಹೇಳಿದಾಗ ಆಕೆಯ ಮುಖ ಬಿಗಿಯಿತು. ಮೊದಲ ದಿನ ಹಾಲು ಮೂಸಿದಾಗಿನ ಮುಖ. ಹೆಸರು ಹೇಳುವ ಹಾಗಿಲ್ಲ, ಆ ಮನೆಯವರಿಗೆ ಮಾತು ಕೊಟ್ಟಿದ್ದೇನೆ ಎಂದಳು. ಇವರಿಗೆ ಹೆಸರು ಯಾಕೆ? ಏನು ಮಾಡುತ್ತಾರೆ ಅದರಿಂದ? ಯಾರಿಗೆ ಹೇಳುತ್ತಾರೆ?

ಸಮುದ್ರಕ್ಕೆ ಹೇಳುತ್ತಾರೆ ಎಂದೆ. ಹೇಳಿದರೆ ಅವನೂ ಇವರ ಹಿರಿಯರ ಲೆಕ್ಕಕ್ಕೆ ಸೇರುತ್ತಾನೆ, ಹೇಳದಿದ್ದರೆ ನನ್ನ ತಮ್ಮ ಇವತ್ತು ದಂಡೆಯ ಮೇಲೆಯೇ ಉಳಿಯುತ್ತಾನೆ ಎಂದೆ. ನಂಬಬೇಕು ಎಂದೂ ಹೇಳಿದೆ. ಯಾರನ್ನೂ ನಂಬಿ ಎಂದು ಯಾರಿಗೂ ನಾನು ಅದುವರೆಗೆ ಹೇಳಿದ್ದಿಲ್ಲ.

ಆಕೆ ಕ್ಯಾಮರಾವನ್ನು ನನ್ನ ಕೈಗೆ ಕೊಟ್ಟು, ನನ್ನನ್ನು ದಾಟಿ ತಮ್ಮನ ಹತ್ತಿರ ಹೋದಳು. ಅವನ ಕಿವಿಯ ಹತ್ತಿರ ಬಗ್ಗಿ ಹೇಳಿದಳು. ಅವನಿಗೆ ಮೊದಲ ಸಲ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದಳು. ಅವನು ತುಟಿ ಅಲ್ಲಾಡಿಸಿ ಹೇಳಿ ನೋಡಿದ, ಆಕೆ ತಿದ್ದಿದಳು, ಅವನು ಮತ್ತೆ ಹೇಳಿದ. ಆಕೆ ಸರಿ ಎಂದು ತಲೆಯಾಡಿಸಿದಳು.

ಮಾವ ಬೋಟು ಹತ್ತಿದ. ಅವನ ಹಿಂದೆ ಉಳಿದವರು. ತಮ್ಮ ಕೊನೆಗೆ ಹತ್ತಿದ, ಯಾರ ಕೈಯನ್ನೂ ಹಿಡಿಯಲಿಲ್ಲ. ಎಂಜಿನ್ ಶುರುವಾಯಿತು. ನದಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ, ದಂಡೆಗೆ ಹತ್ತಿರದಲ್ಲೇ, ಬೋಟು ಮೇಲಕ್ಕೂ ಕೆಳಕ್ಕೂ ಹಾರುವಾಗ ಅವನು ಚುಕ್ಕಾಣಿ ಹಿಡಿದು ನಿಂತೇ ಇದ್ದ. ಕಾಯಿ ಹಿಡಿದ ಮಾವ ಅಪ್ಪನ ಹೆಸರಿನಿಂದ ಶುರು ಮಾಡಿದ್ದು ಅವನ ಬಾಯಿ ನೋಡಿ ಗೊತ್ತಾಯಿತು. ಕೊನೆಯ ಹೆಸರನ್ನು ತಮ್ಮ ಹೇಳಿದ. ಎಂಜಿನಿನ ಸದ್ದಿಗೆ ನನಗೆ ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ಆಕೆ ಅಳುತ್ತಿದ್ದಳು. ಫೋಟೋ ನಾನೇ ತೆಗೆದೆ, ಸರಿಯಾಗಿ ಬರಲಿಲ್ಲ.

ಆಕೆ ಹೋಗಿ ಎಷ್ಟೋ ಮಳೆಗಾಲಗಳು ಕಳೆದವು. ತಮ್ಮ ಇವತ್ತಿಗೂ ತಾಂಡೇಲ. ಪ್ರತಿ ವರ್ಷ ಬೋಟು ಇಳಿಸುವ ದಿನ ನಾನು ಹೋಗುತ್ತೇನೆ, ಪ್ರತಿ ವರ್ಷ ಕೇಳುತ್ತೇನೆ. ಕಲಾಸಿಗಳೆಲ್ಲರಿಗೂ ಗೊತ್ತು, ಅವರ ಮನೆಯ ಮಕ್ಕಳಿಗೂ ಗೊತ್ತಿರಬೇಕು. ನನಗೆ ಮಾತ್ರ ಆ ಹೆಸರು ಗೊತ್ತಿಲ್ಲ.

"ನಿಂಗೆ ಹೇಳಿದ್ರೆ ಅವ ಯಾರು, ಎಂತವ, ಹೇಗೆ ಸತ್ತ ಅಂತ ನೀ ಹುಡುಕುಕೆ ಹೋಗ್ತೆ ಅಕ್ಕಾ" ಎಂದ ಹೋದ ವರ್ಷ. "ಅವ ನಮ್ಮ ಬೋಟಿನವ. ಅಷ್ಟು ಸಾಕು."

ಇಲ್ಲ ಎಂದರೆ ಸುಳ್ಳಾಗುತ್ತಿತ್ತು. ಹೆಸರು ಹೇಳಿದ್ದರೆ ಹುಡುಕಿಯೇ ಹುಡುಕುತ್ತಿದ್ದೆ.